ಹದಿಮೂರು ಜನ, ಒಂದು ಚೆಂಡು ಮತ್ತು ನನ್ನ ಸಕ್ಕರೆ ಕಾಯಿಲೆ

ಸೊರಬದ ಮೈದಾನದಲ್ಲಿ ಆಟ ಮುಗಿಯಲು ಐದಾರು ನಿಮಿಷವಷ್ಟೇ ಉಳಿದಿತ್ತು. ಎರಡೂ ಕಡೆ ಒಂದೊಂದು ಗೋಲು. ಚೆಂಡು ನನ್ನ ಬಲಗಾಲಿಗೆ ಬಂದು ಸಿಕ್ಕಿತು. ಅಡ್ಡ ಬಂದವನು ಕೆಸರಿನಲ್ಲಿ ಜಾರಿ ಬಿದ್ದ. ಅವರ ಗೋಲ್‌ಕೀಪರ್ ಎರಡೂ ಕೈ ಅಗಲಿಸಿಕೊಂಡು ಮುಂದೆ ಬಂದ. ನಾನು ಕಣ್ಣು ಮುಚ್ಚಿಕೊಂಡೇ ಒದ್ದೆ ಎಂದು ಗೆಳೆಯ ಇಮ್ತಿಯಾಜ್ ಇವತ್ತಿಗೂ ಹೇಳುತ್ತಾನೆ. ಮುಚ್ಚಿದ್ದೆನೋ ತೆರೆದಿದ್ದೆನೋ, ಚೆಂಡು ಒಳಗೆ ಹೋಯಿತು! ಶಿಕಾರಿಪುರದಿಂದ ಹೋಗಿದ್ದ ನಾವು ಹದಿಮೂರು ಜನ ಒಬ್ಬರ ಮೇಲೊಬ್ಬರು ಬಿದ್ದು ಕೂಗಿದ ಕೂಗಿಗೆ ಬೇಲಿಯಾಚೆ ಮೇಯುತ್ತಿದ್ದ ಎಮ್ಮೆಗಳು ಬಾಲ ಎತ್ತಿಕೊಂಡು ಓಡಿದವು.

ಆ ರಾಶಿಯ ತಳದಲ್ಲಿ ಸಿಕ್ಕಿಕೊಂಡಿದ್ದ ನನಗೆ ಆಗ ಬೇಕಿದ್ದದ್ದು ಒಂದೇ. ನೀರು.

ಪಂದ್ಯ ಮುಗಿದು ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೋದೆವು. ಉಳಿದವರು ಬೋಂಡಾಕ್ಕೆ ಮುಗಿಬಿದ್ದರೆ ನಾನು ನೀರಿನ ಜಗ್ಗನ್ನೇ ಎತ್ತಿ ಬಾಯಿಗಿಟ್ಟೆ. ಅದು ಖಾಲಿಯಾಯಿತು. ಪಕ್ಕದ ಮೇಜಿನ ಜಗ್ಗೂ ಖಾಲಿಯಾಯಿತು. ಗಲ್ಲಾದಲ್ಲಿ ಕೂತಿದ್ದವರು ನಕ್ಕರು. “ಎಂತ ಮಾರಾಯ, ನಮ್ಮ ಬಾವಿನೂ ಶಿಕಾರಿಪುರಕ್ಕೆ ಹೊತ್ಕೊಂಡು ಹೋಗ್ತೀಯಾ?” ಎಲ್ಲರೂ ನಕ್ಕರು, ನಾನೂ ನಕ್ಕೆ. ವಾಪಸು ಬರುವಾಗ ಶಿರಾಳಕೊಪ್ಪ ಮುಟ್ಟುವುದರೊಳಗೆ ಎರಡು ಸಲ ಬಸ್ಸು ನಿಲ್ಲಿಸಿ ರಸ್ತೆಬದಿಗೆ ಓಡಿದೆ. ಎರಡನೇ ಸಲ ಕಂಡಕ್ಟರ್ ಬೈದ. ಹುಡುಗರು ನನಗೆ “ಟ್ಯಾಂಕರ್” ಎಂದು ಹೆಸರಿಟ್ಟರು. ಗೋಲು ಹೊಡೆದವನಿಗೆ ಯಾವ ಹೆಸರಿಟ್ಟರೂ ಸಿಹಿಯೇ.

ನಾನು ಆಗ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ತಾಳಗುಂದದ ಪಕ್ಕದ ನಮ್ಮೂರಿನಿಂದ ದಿನಾ ಬಸ್ಸಿನಲ್ಲಿ ಶಿಕಾರಿಪುರಕ್ಕೆ ಹೋಗಿ ಬರುತ್ತಿದ್ದೆ. ನಮ್ಮದು ಕುರಿ ಸಾಕುವ ಮನೆ. ಅಪ್ಪ ದಿನವಿಡೀ ಕುರಿಗಳ ಹಿಂದೆ, ಅವ್ವ ಜೋಳದ ಹೊಲದಲ್ಲಿ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ.

ಆ ವರ್ಷ ಟಿವಿಯಲ್ಲಿ ವಿಶ್ವಕಪ್ ಫುಟ್‌ಬಾಲ್ ಬಂದಿತ್ತು. ಜುಲೈನಲ್ಲಿ ಕಾಲೇಜು ತೆರೆದಾಗ ಎಲ್ಲರ ಬಾಯಲ್ಲೂ ಅದೇ. ಕಬಡ್ಡಿ, ವಾಲಿಬಾಲ್ ಬಿಟ್ಟರೆ ಬೇರೆ ಆಟವನ್ನೇ ಕಂಡಿರದ ನಮ್ಮ ಸಣ್ಣ ಕಾಲೇಜಿನಲ್ಲಿ ಫುಟ್‌ಬಾಲ್ ತಂಡ ಕಟ್ಟೋಣ ಎಂದು ಮೊದಲು ಬಾಯಿಬಿಟ್ಟವನು ಇಮ್ತಿಯಾಜ್. ಶಿಕಾರಿಪುರದ ಪೇಟೆಯವನು, ನೀಳ ಕೈಗಳವನು, ಅದಕ್ಕೇ ಅವನೇ ಗೋಲ್‌ಕೀಪರ್. ನಮ್ಮ ಫಿಸಿಕಲ್ ಡೈರೆಕ್ಟರ್ ಚನ್ನವೀರಪ್ಪ ಸರ್ ತಾವು ಖೋ ಖೋ ಆಡಿ ಬೆಳೆದವರು. ಲೈಬ್ರರಿಯಿಂದ ಒಂದು ಪುಸ್ತಕ ತಂದು, ರಾತ್ರಿ ಓದಿದ್ದನ್ನು ಬೆಳಿಗ್ಗೆ ನಮಗೆ ಹೇಳಿಕೊಡುತ್ತಿದ್ದರು. ನೀಲಗಿರಿ ಗಳ ನೆಟ್ಟು ಗೋಲುಕಂಬ ಮಾಡಿದೆವು. ಚೆಂಡು ಒಂದೇ. ಅದು ಬೇಲಿಯ ಮುಳ್ಳಿಗೆ ಹೋದರೆ ಹದಿಮೂರು ಜನರ ಎದೆಯೂ ಒಂದು ಕ್ಷಣ ನಿಲ್ಲುತ್ತಿತ್ತು.

ನನ್ನ ಜಾಗ ಬಲಗಡೆಯ ಅಂಚು. ಚಿಕ್ಕಂದಿನಿಂದ ಟಗರುಗಳ ಹಿಂದೆ ಓಡಿದ ಕಾಲು. ಓಟದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಸೆಪ್ಟೆಂಬರ್ ಕೊನೆಗೆ ಸೊರಬದಲ್ಲೇ ವಲಯ ಮಟ್ಟದ ಪಂದ್ಯ ಇದೆ, ಶಿವಮೊಗ್ಗದ ದೊಡ್ಡ ಕಾಲೇಜಿನ ಮೇಲೆ ಆಡಬೇಕು ಎಂದು ಗೊತ್ತಾದ ದಿನ ನನಗೆ ಊಟವೇ ಸೇರಲಿಲ್ಲ. ಅಷ್ಟು ಹುರುಪು.

ಆ ಹುರುಪಿನಲ್ಲಿ ನನ್ನ ಮೈ ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳಲೇ ಇಲ್ಲ. ಚಡ್ಡಿಯ ಲಾಡಿ ವಾರಕ್ಕೊಂದು ಗೇಣು ಉದ್ದವಾಗುತ್ತಿತ್ತು. ಆಟ ಆಡಿದರೆ ಸಣ್ಣಗಾಗುವುದು ಸಹಜ ಅಂದುಕೊಂಡೆ. ಹಸಿವು ವಿಪರೀತ. ಅವ್ವ ಕಟ್ಟಿಕೊಟ್ಟ ನಾಲ್ಕು ರೊಟ್ಟಿ ಬಸ್ಸಿನಲ್ಲೇ ಮುಗಿಯುತ್ತಿದ್ದವು. ಪ್ರಾಕ್ಟೀಸಿನಲ್ಲಿ ಮೀನಖಂಡ ಹಿಡಿದುಕೊಂಡು ಕೂರುವುದು ಶುರುವಾಯಿತು. “ಏನಲೇ ಟ್ಯಾಂಕರ್, ಗಾಲಿ ಪಂಕ್ಚರ್ ಆಗ್ಯಾವೇನು?” ಎಂದು ಇಮ್ತಿಯಾಜ್ ಕೂಗುತ್ತಿದ್ದ. ಪಾಠದ ನಡುವೆ ಎದ್ದು ಹೊರಗೆ ಹೋಗಿ ಬರುವ ನನ್ನ ಚಾಳಿ ಇಡೀ ತರಗತಿಗೆ ನಗೆಯ ವಿಷಯವಾಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್. ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ಪರೀಕ್ಷಿಸುವ ಪ್ರಯೋಗ. ಪ್ರಣಾಳದಲ್ಲಿ ನೀಲಿ ದ್ರಾವಣ ಹಾಕಿ, ಎಂಟು ಹನಿ ಮೂತ್ರ ಸೇರಿಸಿ ಬಿಸಿ ಮಾಡಬೇಕು. ನೀಲಿ ಉಳಿದರೆ ಸಕ್ಕರೆ ಇಲ್ಲ. ಇದ್ದರೆ ಹಸಿರು, ಹಳದಿ, ಕಿತ್ತಳೆ, ತುಂಬ ಇದ್ದರೆ ಇಟ್ಟಿಗೆ ಕೆಂಪು. ಸುಮಿತ್ರಾ ಮೇಡಂ ಗ್ಲೂಕೋಸ್ ಬೆರೆಸಿದ ಒಂದು ಮಾದರಿ ತಾವೇ ತಯಾರಿಸಿದ್ದರು. “ಹೋಲಿಸಿ ನೋಡೋಕೆ ಒಬ್ಬ ಆರೋಗ್ಯವಂತನ ಮಾದರಿ ಬೇಕು. ಯಾರು ಕೊಡ್ತೀರಪ್ಪ?” ಎಂದರು.

ಹಿಂದಿನ ಬೆಂಚಿನಿಂದ ಯಾರೋ ಕೂಗಿದರು: “ಬೀರೇಶನ್ನ ಕೇಳ್ರಿ ಮೇಡಂ, ಅವನತ್ರ ಯಾವಾಗ್ಲೂ ಸ್ಟಾಕ್ ಇರ್ತದೆ!”

ತರಗತಿ ಬಿದ್ದು ಬಿದ್ದು ನಕ್ಕಿತು. ಹುಡುಗಿಯರು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ಕಿವಿ ಕೆಂಪಾಗಿದ್ದರೂ ನಾನು ವೀರನ ಹಾಗೆ ಎದ್ದು ಹೋಗಿ ಮಾದರಿ ತಂದುಕೊಟ್ಟೆ.

ಇಟ್ಟಿಗೆ ಕೆಂಪು ಬಂತು.

“ಎರಡೂ ಮಾದರಿ ಅದಲುಬದಲು ಮಾಡಿದ್ದೀಯ,” ಎಂದು ಮೇಡಂ ಗದರಿದರು. “ಮತ್ತೆ ಮಾಡು.” ಮತ್ತೆ ಮಾಡಿದೆ. ಮತ್ತೆ ಅದೇ ಬಣ್ಣ. ಈ ಸಲ ಮೇಡಂ ನನ್ನ ಕೈಯಿಂದ ಪ್ರಣಾಳ ತೆಗೆದುಕೊಂಡು, ಹೊಸದೊಂದನ್ನು ತಾವೇ ತೊಳೆದು, ತಾವೇ ಹನಿ ಎಣಿಸಿ ಹಾಕಿ, ತಾವೇ ದೀಪದ ಮೇಲೆ ಹಿಡಿದರು. ನೀಲಿ ಕದಡಿತು, ಹಸಿರಾಯಿತು, ಹಳದಿಯಾಯಿತು, ಅಲ್ಲಿ ನಿಲ್ಲಬಾರದೇ ಎಂದು ನಾನು ನೋಡುತ್ತಿರುವಂತೆಯೇ ಕೆಂಪಿಗೆ ತಿರುಗಿತು. ನಗು ಯಾವಾಗ ನಿಂತಿತ್ತೋ ಗೊತ್ತಿಲ್ಲ. ದೀಪದ ಸುಯ್ಯೆನ್ನುವ ಸದ್ದು ಮಾತ್ರ ಕೇಳುತ್ತಿತ್ತು.

“ಬೀರೇಶ,” ಮೇಡಂ ದನಿ ತಗ್ಗಿಸಿದರು, “ಎಷ್ಟು ದಿನದಿಂದ ಬಾಯಾರಿಕೆ?”

“ಸುಮಾರು ಒಂದು ತಿಂಗಳಾತು ಮೇಡಂ.”

ಅವರು ತರಗತಿ ಮುಗಿಸಿಬಿಟ್ಟರು. ಚನ್ನವೀರಪ್ಪ ಸರ್‌ಗೆ ಹೇಳಿ ಕಳಿಸಿದರು. ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಪೇಟೆಯ ಡಾಕ್ಟರ ಹತ್ತಿರ ತಾವೇ ಕರೆದೊಯ್ದರು. ನಮ್ಮೂರಿಗೆ ಫೋನಿರಲಿಲ್ಲ. ಇಮ್ತಿಯಾಜ್, ಚನ್ನವೀರಪ್ಪ ಸರ್ ಅವರ ಸ್ಕೂಟರ್ ತೆಗೆದುಕೊಂಡು ಅಪ್ಪ, ಅವ್ವನನ್ನು ಕರೆತರಲು ಹೋದ. ಅಪ್ಪನನ್ನು ಹುಡುಕಲು ಕುರಿ ಮೇಯುವ ಗುಡ್ಡವನ್ನೆಲ್ಲ ಅಲೆದನಂತೆ. ಅಪ್ಪ ಹೆಗಲ ಮೇಲಿನ ಕಂಬಳಿ ಸಮೇತ ಬಂದಿಳಿದಾಗ ಡಾಕ್ಟರು ಚೀಟಿ ಬರೆದು ಮುಗಿಸಿದ್ದರು. “ತಡ ಮಾಡಬೇಡಿ. ಇವತ್ತೇ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ.”

ಶಿವಮೊಗ್ಗದ ಆಸ್ಪತ್ರೆಯ ಆ ಬೆಂಚನ್ನು ನಾನು ಮರೆಯುವುದಿಲ್ಲ. ರಕ್ತ ಕೊಟ್ಟು ಕಾಯುತ್ತಿದ್ದೆವು. ಎಡಕ್ಕೆ ಅವ್ವ, ಬಲಕ್ಕೆ ಅಪ್ಪ. ಸಾಲಿನಲ್ಲಿದ್ದವರೆಲ್ಲ ಅರವತ್ತು ದಾಟಿದವರು, ಕಾಲಿಗೆ ಬಟ್ಟೆ ಸುತ್ತಿಕೊಂಡವರು, ಕಣ್ಣು ಮಂಜಾದವರು. ಪಕ್ಕದ ಅಜ್ಜಿಯೊಬ್ಬರು ಕೇಳಿದರು: “ಯಾರನ್ನ ಕರ್ಕೊಂಡು ಬಂದೀಯಪ್ಪ?”

“ನಾನೇ ಪೇಶೆಂಟ್ ಅಜ್ಜಿ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿಂಗ್ಯಾಕೆ ಕೂಸೇ ಇದು?” ಅಂದರು. ಅಲ್ಲಿಯವರೆಗೆ ಗಟ್ಟಿಯಾಗಿ ಕೂತಿದ್ದ ಅವ್ವ ಸೆರಗು ಬಾಯಿಗೊತ್ತಿಕೊಂಡಳು.

ಡಾಕ್ಟರು ನಡುವಯಸ್ಸಿನವರು, ಮಾತು ಕಡಿಮೆ. ಕಾಗದ ನೋಡಿದರು, ನನ್ನ ಉಸಿರಿನ ವಾಸನೆ ನೋಡಿದರು, ಕೂಡಲೇ ಮಲಗಿಸಿ ಸಲೈನ್ ಏರಿಸಲು ಹೇಳಿದರು. ಆಮೇಲೆ ಅಪ್ಪ ಅವ್ವನಿಗೆ ನಿಧಾನವಾಗಿ ತಿಳಿಸಿದರು. ಮೈಯಲ್ಲಿ ತಯಾರಾಗಬೇಕಾದ ಇನ್ಸುಲಿನ್ ಇವನಲ್ಲಿ ತಯಾರಾಗುತ್ತಿಲ್ಲ, ಹೊರಗಿನಿಂದ ಕೊಡಬೇಕು, ದಿನಕ್ಕೆರಡು ಸಲ ಸೂಜಿ.

“ಎಷ್ಟು ದಿನ ಸಾಹೇಬ್ರೇ?” ಅಪ್ಪ ಕೇಳಿದ.

“ಇರೋವರೆಗೂ.”

ಅಪ್ಪ ಕಂಬಳಿಯನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡ. ಅವ್ವ ಮಾತ್ರ ಒಂದೇ ಕೇಳಿದಳು. “ನಾನು ಹೋಳಿಗೆ, ಬೆಲ್ಲ ಜಾಸ್ತಿ ಉಣ್ಣಿಸಿದ್ದಕ್ಕೆ ಹಿಂಗಾತೇನ್ರಿ?” ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವಳ ಕಡೆ ತಿರುಗಿದರು. “ಅಲ್ಲಮ್ಮ. ನೀವು ಉಣ್ಣಿಸಿದ್ದರಿಂದ ಬಂದಿದ್ದಲ್ಲ ಇದು. ನೀವು ಏನೂ ತಪ್ಪು ಮಾಡಿಲ್ಲ.” ಆ ಮಾತನ್ನು ಅವ್ವ ಆಮೇಲೆ ಊರಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಳು. ಅವಳ ಪಾಲಿಗೆ ಅದೇ ಮೊದಲ ಔಷಧಿ.

ನಾನು ಕೇಳಿದ್ದು ಬೇರೆ. “ಸರ್, ತಿಂಗಳ ಕೊನೆಗೆ ಮ್ಯಾಚ್ ಇದೆ. ಆಡಬಹುದಾ?”

ಡಾಕ್ಟರು ನಕ್ಕುಬಿಡುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. “ಸುಳ್ಳು ಹೇಳೋದಿಲ್ಲ, ನನಗೂ ಗೊತ್ತಿಲ್ಲ. ಈ ಕಾಯಿಲೆ ಜತೆ ಹೇಗಿರಬೇಕು ಅಂತ ನೀನು ಎಷ್ಟು ಬೇಗ ಕಲೀತೀಯ ಅನ್ನೋದರ ಮೇಲಿದೆ.”

ಮೊದಲ ಎರಡು ದಿನ ಹೆದರಿಕೆಯಲ್ಲೇ ಕಳೆದವು. ಹಾಸಿಗೆಯ ಮೇಲೆ ಮಲಗಿ ಬೆಂಚಿನ ಮೇಲೆ ಕಂಡ ಕಾಲುಗಳನ್ನೇ ನೆನೆಯುತ್ತಿದ್ದೆ. ಮೂರನೇ ದಿನ ಮಧ್ಯಾಹ್ನ ಒಂದು ವಿಚಿತ್ರ ನಡೆಯಿತು. ಎದುರಿಗೆ ನೀರಿನ ಲೋಟವಿತ್ತು, ನನಗದು ಬೇಕೆನಿಸಲಿಲ್ಲ! ಒಂದು ತಿಂಗಳಿಂದ ಒಣಗಿ ಅಂಟಿಕೊಂಡಿದ್ದ ನಾಲಿಗೆ ಒದ್ದೆಯಾಗಿತ್ತು. ಎದ್ದು ಕೂತೆ. ತಲೆ ಹಗುರವಾಗಿತ್ತು. ಕಾಲು ಮಡಚಿ ಚಾಚಿ ನೋಡಿದೆ, ನನ್ನ ಮಾತು ಕೇಳಿದವು. “ಅವ್ವಾ, ನಂಗೆ ಬಾಯಾರಿಕೆ ಇಲ್ಲ!” ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದೆ. ಕಾಯಿಲೆ ಬಿದ್ದಿದ್ದೆ ಎಂಬುದು ನನಗೆ ನಿಜವಾಗಿ ತಿಳಿದದ್ದು ಚೇತರಿಸಿಕೊಂಡ ಆ ಗಳಿಗೆಯಲ್ಲಿ. ಇಷ್ಟು ದಿನ ಯಾರದೋ ಭಾರವಾದ ಮೈ ಹೊತ್ತುಕೊಂಡು ಓಡಿದ್ದೆ.

ಭಾನುವಾರ ಇಡೀ ತಂಡ ಬಂತು. ಹನ್ನೆರಡು ಜನ, ಜತೆಗೆ ಚೆಂಡು. ಕಾಲೇಜಿನ ಕಾಂಪೌಂಡು ದಾಟಬಾರದೆಂದು ಸರ್ ಕಟ್ಟಪ್ಪಣೆ ಮಾಡಿದ್ದ ಚೆಂಡನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು ತಂದಿದ್ದರು. ನನ್ನ ಕಾಲಿನ ಬುಡಕ್ಕೆ ಬಿಟ್ಟರು. ಮೆಲ್ಲಗೆ ತಳ್ಳಿದ್ದಷ್ಟೇ, ಅದು ಮಂಚಗಳ ಸಾಲು ದಾಟಿ ಉರುಳಿ ಬಾಗಿಲಲ್ಲಿ ನಿಂತಿದ್ದ ಹಿರಿಯ ನರ್ಸ್ ಕಾಲಿಗೆ ತಾಗಿ ನಿಂತಿತು. ಎಲ್ಲರೂ ಉಸಿರು ಹಿಡಿದೆವು. ಸಿಸ್ಟರ್ ಆಚೀಚೆ ನೋಡಿದರು. ಆಮೇಲೆ ಚಪ್ಪಲಿಯ ತುದಿಯಿಂದ ಅದನ್ನು ನೇರ ನನ್ನ ಕಡೆಗೇ ಒದ್ದರು. “ಇದೊಂದೇ ಸಲ. ಈಗ ಎಲ್ಲಾ ಹೊರಗೆ ನಡೀರಿ,” ಅಂದರು. ಆ ಒದೆತಕ್ಕೆ ವಾರ್ಡಿನ ಮುದುಕರೆಲ್ಲ ಚಪ್ಪಾಳೆ ತಟ್ಟಿದರು.

ಅದೇ ಸಿಸ್ಟರ್ ಅಪ್ಪನಿಗೆ ಸೂಜಿ ಹಾಕುವುದನ್ನು ಕಲಿಸಿದರು. ಅಪ್ಪನಿಗೆ ಸೂಜಿ ಹೊಸದಲ್ಲ. ಕುರಿಗಳಿಗೆ ಕಾಯಿಲೆ ಬಂದಾಗ ಪಶು ಆಸ್ಪತ್ರೆಯ ಕಾಂಪೌಂಡರ್ ಜತೆ ನಿಂತು ಎಷ್ಟೋ ಸಲ ತಾನೇ ಚುಚ್ಚಿದವನು. ಮೂಸಂಬಿ ಹಣ್ಣಿನ ಮೇಲೆ ಒಂದೇ ಸಲಕ್ಕೆ ಸರಿಯಾಗಿ ಚುಚ್ಚಿದ. ಸಿಸ್ಟರ್ “ಭೇಷ್” ಅಂದರು. ನನ್ನ ತೋಳು ಹಿಡಿದಾಗ ಮಾತ್ರ ಸೂಜಿಯನ್ನು ಎರಡು ಸಲ ಹಿಂದಕ್ಕೆ ತೆಗೆದ.

“ನೂರು ಕುರಿಗೆ ಚುಚ್ಚೀನ್ರಿ ಸಿಸ್ಟರ್,” ಎಂದ ಅಪ್ಪ. “ಒಂದಕ್ಕೂ ಕೈ ಹಿಂಗ್ ಆಡಿರಲಿಲ್ಲ.”

“ನಾನೂ ಒಂದು ಕುರಿ ಅನ್ಕೊಳಪ್ಪಾ,” ಅಂದೆ. ಅವನು ನಗುತ್ತಲೇ ಚುಚ್ಚಿದ. ನೋವಾಗಲೇ ಇಲ್ಲ.

ಅವತ್ತು ಸಂಜೆ ಅಪ್ಪ ಒಂದು ವಿಷಯ ಹೇಳಿದ. “ಬೇಲಿ ಹತ್ರ ನೀ ಉಚ್ಚೆ ಹೋದ ಜಾಗದಾಗೆ ಇರುವೆ ಮುತ್ತಿದ್ವು. ಹದಿನೈದು ದಿನದಿಂದ ನೋಡ್ತಿದ್ದೆ. ಕುರಿಗೆ ಹಂಗಾಗಿದ್ರೆ ಅವತ್ತೇ ಡಾಕ್ಟ್ರತ್ರ ಓಡ್ತಿದ್ದೆ. ನಿಂಗೆ ಏನಾಗಿರ್ತದೆ, ಗಂಡುಹುಡುಗ ಅದಾನೆ ಅಂತ ಸುಮ್ನಾದೆ.” ಅವನ ಕಂಬಳಿಯ ಚುಂಗು ಹಿಡಿದುಕೊಂಡು ಕೂತೆ.

ಹತ್ತು ದಿನಕ್ಕೆ ಮನೆಗೆ ಬಂದೆವು. ಫ್ರಿಜ್ಜು ನಮ್ಮೂರಿಗೇ ಬಂದಿರಲಿಲ್ಲ. ಅವ್ವ ಒಂದು ಮಡಕೆಗೆ ಮರಳು ತುಂಬಿ ನೀರು ಹಾಕಿ, ಅದರ ನಡುವೆ ಸಣ್ಣ ಕುಡಿಕೆ ಹೂಳಿ, ಇನ್ಸುಲಿನ್ ಸೀಸೆಯನ್ನು ಅದರೊಳಗಿಟ್ಟು ದೇವರ ಗೂಡಿನ ಪಕ್ಕ ತಂಪಿಗಿಟ್ಟಳು. ಗಾಜಿನ ಸಿರಿಂಜನ್ನು ದಿನಾ ಕುದಿಸುತ್ತಿದ್ದಳು. ನಮ್ಮ ಸೋದರತ್ತೆಯೊಬ್ಬಳು ಬಂದು, ಕಹಿ ಸೊಪ್ಪಿನ ರಸ ಕುಡಿಸಿ ಸೂಜಿ ಬಿಡಿಸಿಬಿಡು ಎಂದಳು. ಸೂಜಿಯ ಹುಡುಗನಿಗೆ ಹೆಣ್ಣು ಯಾರು ಕೊಡ್ತಾರೆ ಎಂದಳು. ಅವ್ವನ ಮುಖ ಬಾಡಿತು. ಅಪ್ಪ ಹಟ್ಟಿಯ ಕಡೆಯಿಂದಲೇ ಗಟ್ಟಿಯಾಗಿ ಹೇಳಿದ: “ಸೊಪ್ಪು ಕುರಿಗೆ ಹಾಕಕ್ಕ. ಹುಡುಗಂಗೆ ಡಾಕ್ಟ್ರು ಹೇಳಿದ್ದು.” ಮಾತು ಅಲ್ಲಿಗೆ ನಿಂತಿತು.

ಆದರೆ ಆಟದ ವಿಷಯಕ್ಕೆ ಅಪ್ಪನೂ ಒಪ್ಪಲಿಲ್ಲ. ಚನ್ನವೀರಪ್ಪ ಸರ್ ಅಂತೂ ನನ್ನನ್ನು ಮೈದಾನದ ಗೆರೆಯೊಳಗೇ ಬಿಡಲಿಲ್ಲ. “ನೀನು ಓಡ್ತಾ ಓಡ್ತಾ ಬಿದ್ದರೆ ನಿಮ್ಮಪ್ಪಂಗೆ ನಾನೇನು ಹೇಳಲಿ? ಸ್ಕೋರ್ ಬರ್ಕೋ ಕೂತ್ಕೊಂಡು.” ಮೂರು ದಿನ ಸ್ಕೋರ್ ಬರೆದೆ. ನಾಲ್ಕನೇ ದಿನ ಕಾಲೇಜಿಗೇ ಹೋಗಲಿಲ್ಲ. ಸೂಜಿ ಹಾಕಿಸಿಕೊಂಡೆ, ತಟ್ಟೆಯ ಮುಂದೆ ಕೂತೆ, ರೊಟ್ಟಿ ಗಂಟಲಿಗಿಳಿಯಲಿಲ್ಲ. ಸೂಜಿ ಹಾಕಿ ಉಣ್ಣದಿದ್ದರೆ ಅಪಾಯ ಎಂದು ಡಾಕ್ಟರು ಹತ್ತು ಸಲ ಹೇಳಿದ್ದರು. ಅವ್ವ ಬೇಡಿಕೊಂಡಳು, ಬೈದಳು, ಕೊನೆಗೆ ತಾನೇ ತುತ್ತು ಮಾಡಿ ಬಾಯಿಗಿಟ್ಟಳು.

ಮರುದಿನ ಅಪ್ಪ ನನ್ನ ಜತೆ ಬಸ್ಸು ಹತ್ತಿದ. ಸೀದಾ ಮೈದಾನಕ್ಕೆ ಬಂದು ಸರ್ ಮುಂದೆ ನಿಂತ.

“ಸರ್ರ, ಇವನನ್ನ ಆಡಿಸ್ರಿ.”

“ಏನಾದ್ರೂ ಆದ್ರೆ ಯಜಮಾನ್ರೇ?”

“ಹೆದ್ರಿಕೆ ನಂಗೂ ಐತ್ರಿ. ಆದ್ರೆ ಉಣ್ಣಾದು ಬಿಟ್ಟಾನೆ. ಉಣ್ಣದಿದ್ರೂ ಏನಾದ್ರೂ ಆಗ್ತದಲ್ರಿ. ಆಡಿ ಆಗಾದಾದ್ರೆ ನೀವೆಲ್ಲ ಹತ್ರ ಇರ್ತೀರಿ.”

ಸರ್ ಸೀಟಿಯ ದಾರ ಬೆರಳಿಗೆ ಸುತ್ತಿದರು, ಬಿಚ್ಚಿದರು. ಕೊನೆಗೆ ಷರತ್ತು ಹಾಕಿದರು. ಶಿವಮೊಗ್ಗದ ಡಾಕ್ಟರ ಚೀಟಿ ತರಬೇಕು. ಪ್ರಾಕ್ಟೀಸಿಗೆ ಮುಂಚೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಬೇಕು, ಬಣ್ಣ ಕೆಟ್ಟಿದ್ದರೆ ಆಟವಿಲ್ಲ. ಆಡುವ ಮುಂಚೆ ಏನಾದರೂ ತಿನ್ನಬೇಕು. ಗ್ಲೂಕೋಸ್ ಪ್ಯಾಕೆಟ್ಟು ಸದಾ ಇಮ್ತಿಯಾಜನ ಗೋಲುಕಂಬದ ಬುಡದಲ್ಲಿರಬೇಕು. ಮತ್ತು ಕೊನೆಯದು: “ಮೈಯಲ್ಲಿ ಒಂಚೂರು ಏರುಪೇರಾದ್ರೂ ನೀನೇ ಹೊರಗೆ ಬರಬೇಕು. ಗೋಲಿನ ಮುಂದೆ ಇದ್ದರೂ ಸೈ.”

ಚೀಟಿ ಬಂತು, ಆಟ ಶುರುವಾಯಿತು. ಅಬ್ಬಾ, ಆ ಎರಡು ವಾರ! ಸಂಜೆ ನಾಲ್ಕಕ್ಕೆ ಸುಮಿತ್ರಾ ಮೇಡಂ ಲ್ಯಾಬಿನ ಬಾಗಿಲು ತೆರೆದಿಡುತ್ತಿದ್ದರು. ನಾನು ಪ್ರಣಾಳ ಹಿಡಿದು ದೀಪದ ಮುಂದೆ ನಿಂತರೆ ಹನ್ನೆರಡು ಜನ ಕಿಟಕಿಗೆ ಮುಖ ಒತ್ತಿಕೊಂಡು ನಿಲ್ಲುತ್ತಿದ್ದರು. ಬಣ್ಣ ಒಂಚೂರು ಹಸಿರಾದರೆ “ಅಯ್ಯೋ” ಎನ್ನುವರು. ನೀಲಿ ನೀಲಿಯಾಗಿಯೇ ನಿಂತ ಮೊದಲ ದಿನ “ನೀಲೀ!” ಎಂದು ಎಬ್ಬಿಸಿದ ಗದ್ದಲಕ್ಕೆ ಪ್ರಿನ್ಸಿಪಾಲರು ಕೋಣೆಯಿಂದ ಎದ್ದು ಬಂದರು. ನನ್ನ ಮೂತ್ರದ ಬಣ್ಣಕ್ಕೆ ಇಡೀ ತಂಡ ಕುಣಿಯುತ್ತಿದೆ ಎಂದು ಅವರಿಗೆ ವಿವರಿಸುವಷ್ಟರಲ್ಲಿ ಮೇಡಂಗೆ ಸಾಕಾಯಿತು.

ಎಲ್ಲವೂ ಸುಲಭವಾಗಿತ್ತು ಎನ್ನುವಂತಿಲ್ಲ. ಒಂದು ಸಂಜೆ ಓಡುತ್ತಿದ್ದಾಗ ಇದ್ದಕ್ಕಿದ್ದಂತೆ ತಣ್ಣನೆ ಬೆವರು ಕಿತ್ತುಕೊಂಡಿತು. ತುಟಿ ಜುಮ್ಮೆಂದಿತು. ಯಾಕೋ ಇಮ್ತಿಯಾಜನ ಮೇಲೆ ವಿಪರೀತ ಸಿಟ್ಟು ಬಂತು. ಚೆಂಡು ಕೊಡಲಿಲ್ಲವೆಂದು ಅವನ ಅಂಗಿ ಹಿಡಿದೆನಂತೆ, ಬಾಯಿಗೆ ಬಂದಂತೆ ಬೈದೆನಂತೆ. ನನಗದು ನೆನಪಿಲ್ಲ. ನೆನಪಿರುವುದು ನಾನು ನೆಲದ ಮೇಲಿದ್ದದ್ದು, ಅವನು ನನ್ನ ಎದೆಯ ಮೇಲೆ ಕೂತು ಗ್ಲೂಕೋಸ್ ಪುಡಿಯನ್ನು ಹಲ್ಲಿನ ಸಂದಿಗೆ ಉಜ್ಜುತ್ತಿದ್ದದ್ದು. “ಚಪ್ಪರಿಸಲೇ, ಚಪ್ಪರಿಸು. ಆಮೇಲೆ ಬೈಯುವಂತೆ.” ಹತ್ತು ನಿಮಿಷಕ್ಕೆ ಲೋಕ ತಿರುಗಿ ತನ್ನ ಜಾಗಕ್ಕೆ ಬಂತು. ಸಕ್ಕರೆ ಏರುವುದಷ್ಟೇ ಅಲ್ಲ, ಸೂಜಿ ಹಾಕಿಕೊಂಡು ಓಡಿದರೆ ಹೀಗೆ ಇಳಿದೂ ಹೋಗುತ್ತದೆ ಎಂಬುದನ್ನು ನಾನು ಕಲಿತದ್ದು ಅವತ್ತು. ಬೆವರು, ತುಟಿ, ಸಿಟ್ಟು. ಮೂರನ್ನೂ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡೆ.

ಪಂದ್ಯದ ದಿನ ಬಂತು. ಸೊರಬದಲ್ಲಿ ಅವತ್ತು ಮಳೆ ಬಿಡುವು ಕೊಟ್ಟಿತ್ತು. ಶಿವಮೊಗ್ಗದವರು ಒಂದೇ ಬಣ್ಣದ ಅಂಗಿ, ಮೊಳೆಯ ಬೂಟು ಹಾಕಿಕೊಂಡು ಇಳಿದರು. ನಮ್ಮಲ್ಲಿ ಬೂಟಿದ್ದವರು ಆರು ಜನ. ಆದರೆ ಸೊರಬದ ಜನ ಪೂರ್ತಿ ನಮ್ಮ ಕಡೆ. “ನಮ್ಮನ್ನ ಸೋಲಿಸಿದವರು ಮಾರಾಯ, ಇವರು ಗೆದ್ದರೆ ನಮಗೂ ಮರ್ಯಾದೆ,” ಎಂದು ಯಾರೋ ಜೋರಾಗಿ ಹೇಳುತ್ತಿದ್ದರು.

ಸರ್ ನನ್ನನ್ನು ಮೊದಲರ್ಧ ಹೊರಗೆ ಕೂರಿಸಿದರು. ಅಷ್ಟರಲ್ಲಿ ಒಂದು ಗೋಲು ತಿಂದಿದ್ದೆವು, ಒಬ್ಬನ ಕಾಲುಳುಕಿ ನಮ್ಮ ಇನ್ನೊಬ್ಬ ಬದಲಿ ಆಟಗಾರ ಒಳಗೆ ಹೋಗಿಯಾಗಿತ್ತು. ವಿರಾಮದಲ್ಲಿ ನಾನೊಂದು ಬಾಳೆಹಣ್ಣು ತಿಂದೆ. ಸರ್ ನನ್ನ ಬೆನ್ನು ತಟ್ಟಿದರು. “ಹೋಗು.”

ಆ ಇಪ್ಪತ್ತು ನಿಮಿಷದ ಓಟವನ್ನು ನಾನು ಹೇಗೆ ಹೇಳಲಿ! ಕಾಲಿನ ಕೆಳಗೆ ಹುಲ್ಲು, ಕಿವಿಯ ಪಕ್ಕ ಗಾಳಿ, ಜನರ ಕೂಗು. ಒಂದೂವರೆ ತಿಂಗಳ ಹಿಂದೆ ಇದೇ ಮೈದಾನದಲ್ಲಿ ನಾನು ಸತ್ತ ಮೈ ಎಳೆದುಕೊಂಡು ಓಡಿದ್ದೆ. ಈಗ ಮೈಯೇ ನನ್ನನ್ನು ಎಳೆದುಕೊಂಡು ಹೋಗುತ್ತಿತ್ತು. ಅಂಚಿನಲ್ಲಿ ಇಬ್ಬರನ್ನು ದಾಟಿ ಚೆಂಡನ್ನು ನಡುವಿಗೆ ಎತ್ತಿದೆ. ನಮ್ಮ ನಾಯಕ ಗಣಪತಿ ತಲೆ ಕೊಟ್ಟ. ಗೋಲು! ಒಂದು–ಒಂದು! ಸೊರಬದವರ ಟವಲ್ಲುಗಳು ಗಾಳಿಗೆ ಹಾರಿದವು.

ಹನ್ನೆರಡು ನಿಮಿಷ ಉಳಿದಿದ್ದಾಗ ಬೆವರು ತಣ್ಣಗಾಯಿತು.

ಗೊತ್ತಾಯಿತು. ಗೊತ್ತಾಗದವನ ಹಾಗೆ ಇನ್ನೂ ಒಂದು ಸಲ ಓಡಿದೆ. ತುಟಿ ಜುಮ್ಮೆಂದಿತು. ನಮ್ಮಲ್ಲಿ ಬದಲಿ ಆಟಗಾರರು ಮುಗಿದಿದ್ದರು. ನಾನು ಹೊರಗೆ ಹೋದರೆ ಹತ್ತೇ ಜನ. ಅಷ್ಟರಲ್ಲಿ ಚೆಂಡು ನನ್ನ ಕಡೆಗೇ ಬರುತ್ತಿತ್ತು, ಮುಂದೆ ಜಾಗ ಖಾಲಿ ಬಿದ್ದಿತ್ತು. ಇದೊಂದು ಓಟ ಓಡಿಬಿಡು, ಆಮೇಲೆ ಹೋದರಾಯಿತು ಎಂದು ಒಳಗಿನಿಂದ ಯಾರೋ ಹೇಳಿದರು. ಬಲು ಸಿಹಿಯಾದ ದನಿ. ಯಾಕೆ ತಡೀತಾರೆ ಇವರೆಲ್ಲ ಎಂದು ಸಿಟ್ಟೂ ಬಂತು. ಆ ಸಿಟ್ಟೇ ನನ್ನನ್ನು ಉಳಿಸಿತು. ನೋಟ್‌ಬುಕ್ಕಿನ ಮೂರನೇ ಶಬ್ದ ಅದು.

ಚೆಂಡನ್ನು ಗೆರೆಯಾಚೆ ಒದ್ದೆ. ರೆಫರಿಗೆ ಕೈ ತೋರಿಸಿದೆ. ಹೊರಗೆ ನಡೆದೆ.

ಸರ್ ಓಡಿ ಬರುವ ಮುಂಚೆಯೇ ಜನರ ನಡುವಿನಿಂದ ಒಂದು ಕಂಬಳಿ ನುಗ್ಗಿ ಬಂತು. ಅಪ್ಪ! ನನಗೆ ಹೇಳದೆ ಕುರಿಗಳನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಬಂದು ಬೇಲಿಯ ಹತ್ತಿರ ನಿಂತಿದ್ದನಂತೆ. ಎಲೆಅಡಿಕೆ ಸಂಚಿಯಿಂದ ಬೆಲ್ಲದ ಚೂರು ತೆಗೆದು ನನ್ನ ಬಾಯಿಗೆ ಹಾಕಿದ. ಇನ್ನೊಂದು ಹಾಕಿದ. ಕಂಬಳಿ ಹೊದಿಸಿ ಕೂರಿಸಿದ.

ನಮ್ಮ ಹತ್ತು ಜನ ಆ ಹನ್ನೆರಡು ನಿಮಿಷ ಆಡಿದ್ದನ್ನು ಆಟ ಎನ್ನಲಾಗದು. ಎದೆ ಕೊಟ್ಟರು, ಬೆನ್ನು ಕೊಟ್ಟರು, ಬಿದ್ದರು, ಎದ್ದರು. ಗೋಲಾಗಲು ಬಿಡಲಿಲ್ಲ. ಸೀಟಿ ಊದಿದಾಗ ಒಂದು–ಒಂದೇ ಇತ್ತು. ಪೆನಾಲ್ಟಿ ಒದೆಯುವುದಕ್ಕೆ ಸಾಲು ನಿಂತರು.

“ಇದೇನಿದು, ಒಬ್ಬೊಬ್ರೇ ಒದೀತಾರೆ?” ಅಪ್ಪ ಕೇಳಿದ.

“ಅವರು ಐದು ಒದೀತಾರೆ, ನಾವು ಐದು. ಇಮ್ತಿಯಾಜ್ ಹಿಡೀಬೇಕು.”

“ನನ್ನ ಹುಡುಕ್ಕೊಂಡು ಗುಡ್ಡ ಹತ್ತಿ ಬಂದನಲ್ಲ, ಅವನಾ?”

“ಹೂಂ.”

“ಹಂಗಾರೆ ಹಿಡೀತಾನೆ ಬಿಡು.”

ಎರಡು ಹಿಡಿದ! ಎರಡನೆಯದನ್ನು ಹಿಡಿದಾಗ ಅವನು ಅಡ್ಡಕ್ಕೆ ಹಾರಿದ ಹಾರಾಟ ನನ್ನ ಕಣ್ಣಲ್ಲಿ ಈಗಲೂ ಇದೆ. ಗಣಪತಿ ಕೊನೆಯದನ್ನು ಒಳಗೆ ಹಾಕಿದಾಗ ಅಪ್ಪ ನನ್ನ ಮೈಮೇಲಿನ ಕಂಬಳಿ ಕಿತ್ತು ಆಕಾಶಕ್ಕೆಸೆದ. ಜೀವನದಲ್ಲಿ ಮೊದಲ ಬಾರಿಗೆ ಫುಟ್‌ಬಾಲ್ ನೋಡಿದ ಮನುಷ್ಯ, ಸೊರಬದವರ ನಡುವೆ ನಿಂತು ಸಿಳ್ಳೆ ಹೊಡೆದ. ಕುರಿ ಕರೆಯುವ ಸಿಳ್ಳೆ. ಅಷ್ಟು ದೊಡ್ಡ ಸಿಳ್ಳೆ ಆ ಮೈದಾನ ಕೇಳಿರಲಿಕ್ಕಿಲ್ಲ.

ಮುಂದಿನ ಸುತ್ತಿನಲ್ಲಿ ಐದು ಗೋಲು ತಿಂದು ಮನೆಗೆ ಬಂದೆವು, ಆ ಮಾತು ಇರಲಿ. ಈಗ ಸೊರಬದಲ್ಲೇ ಹೈಸ್ಕೂಲು ಮೇಷ್ಟ್ರಾಗಿದ್ದೇನೆ. ಮದುವೆಯಾಯಿತು, ಸೋದರತ್ತೆಯೇ ಮುಂದೆ ನಿಂತು ಮಾಡಿಸಿದಳು. ಕಾಲೂ ಕಣ್ಣೂ ಚೆನ್ನಾಗಿವೆ. ಕೆಟ್ಟ ದಿನಗಳೂ ಬಂದಿವೆ, ಸೂಜಿ ಬೇಡವೇ ಬೇಡ ಎನಿಸಿದ ವರ್ಷವೂ ಇತ್ತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಹೊಸದಾಗಿ ಬಂದು, ಮುದುಕರ ಬೆಂಚಿನ ಮೇಲೆ ಕೂತು ಮುಂದೇನು ಎಂದು ಯೋಚಿಸುತ್ತಿದ್ದರೆ, ಆ ಬೆಂಚಿನ ಮೇಲೆ ನಾನೂ ಕೂತಿದ್ದೆ ಎಂದು ತಿಳಿಯಲಿ. ಅಲ್ಲಿಂದ ಎದ್ದು ಹೋಗಿ ಓಡಿದ್ದೇನೆ.

ಗೆದ್ದ ಆ ದಿನ ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕ ಕೂತಿದ್ದ. ಹಿಂದೆ ಹುಡುಗರು ಸೀಟು ಬಡಿದು ಹಾಡುತ್ತಿದ್ದರು. ಶಿರಾಳಕೊಪ್ಪ ದಾಟಿದ ಮೇಲೆ ಕೇಳಿದ:

“ಹೊರಗೆ ಬಾ ಅಂತ ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳಲಿಲ್ಲಪ್ಪ. ನಂಗೇ ಗೊತ್ತಾತು.”

ಅವನು ಹೂಂ ಎಂದ.

ಮರುದಿನ ಬೆಳಿಗ್ಗೆ ಅವ್ವ ಸಿರಿಂಜು ಕುದಿಸಿ ತಟ್ಟೆಯಲ್ಲಿಟ್ಟಳು. ನಾನು ಎಂದಿನಂತೆ ತೋಳಿನ ಅಂಗಿ ಮೇಲೇರಿಸಿ ಕೂತೆ. ಅಪ್ಪ ಬರಲಿಲ್ಲ. ಅಂಗಳದ ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ, ಮರಿಯೊಂದರ ಗೊರಸು ನೋಡುತ್ತಾ ಕೂತಿದ್ದ.

“ಅಪ್ಪಾ, ಸೂಜಿ.”

“ಇವತ್ತಿಂದ ನೀನೇ ಹಾಕ್ಕೊ,” ಅಂದ. ತಿರುಗಲಿಲ್ಲ.

ನಾನು ಸೀಸೆಯಿಂದ ಔಷಧಿ ಎಳೆದುಕೊಂಡೆ. ಗುಳ್ಳೆ ಹೋಗಲೆಂದು ಬೆರಳಿನಿಂದ ತಟ್ಟಿದೆ. ತೊಡೆಯ ಚರ್ಮವನ್ನು ಚಿವುಟಿ ಹಿಡಿದೆ. ಚುಚ್ಚಿದೆ.

“ಆತಾ?” ಕಟ್ಟೆಯ ಕಡೆಯಿಂದ ಕೇಳಿತು.

“ಆತಪ್ಪ.”

ಅವನು ಮರಿಯನ್ನು ಕೆಳಗೆ ಬಿಟ್ಟು, ಕೈ ಕೊಡವಿಕೊಂಡು ಎದ್ದ.

“ಹಂಗಾರೆ ಬಾ, ಉಣ್ಣಾನ.”